ಪಿಸ್ತಾ ಎಲ್ಲಿಗೆ, ಶೇಂಗಾ ಎಲ್ಲಿಗೆ: ಸಿಹಿಗೂ ಖಾರಕ್ಕೂ ಆರಿಸಿಕೊಳ್ಳುವ ಬಗೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಪಿಸ್ತಾ ಮನೆಗೆ ಬರುವುದು ಹಬ್ಬಕ್ಕೆ, ಮದುವೆಗೆ, ಇಲ್ಲವೇ ರಂಜಾನಿಗೆ. ಕಾಲು ಕಿಲೋ ತಂದರೆ ಸ್ವಲ್ಪ ಪಾಯಸದ ಮೇಲೆ ಉದುರುತ್ತದೆ, ಸ್ವಲ್ಪ ಮಕ್ಕಳ ಬಾಯಿಗೆ ಹೋಗುತ್ತದೆ, ಉಳಿದದ್ದು ಡಬ್ಬಿಯಲ್ಲೇ ಕೂತು ಏಪ್ರಿಲ್ ಹೊತ್ತಿಗೆ ಕಮಟು ಹಿಡಿಯುತ್ತದೆ. ಇಷ್ಟು ದುಡ್ಡು ಕೊಟ್ಟು ತಂದ ಪದಾರ್ಥದ ರುಚಿ ಯಾರ ನಾಲಿಗೆಗೂ ಸರಿಯಾಗಿ ತಾಗದೆ ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಮೊದಲು ಏನು ಮಾಡುತ್ತೀರಿ ಅಂತ ತೀರ್ಮಾನಿಸಿ, ಆಮೇಲೆ ಅಂಗಡಿಗೆ ಹೋಗಿ. ಎಲ್ಲ ಪಿಸ್ತಾ ಎಲ್ಲ ಅಡುಗೆಗೂ ಹೊಂದುವುದಿಲ್ಲ. ಎಷ್ಟೋ ಅಡುಗೆಗೆ ಪಿಸ್ತಾ ಬೇಕಾಗಿಯೇ ಇಲ್ಲ, ನಮ್ಮ ಹೊಲದ ಶೇಂಗಾನೇ ಅಲ್ಲಿ ಮೇಲು.

ಆರಿಸುವಾಗ ನಾನು ನೋಡುವುದು ಮೂರು ಸಂಗತಿ: ಬೆಂಕಿ ಎಷ್ಟು ತಾಗುತ್ತದೆ, ಸಿಹಿ ಬೆಲ್ಲದ್ದೋ ಸಕ್ಕರೆಯದೋ, ಮಸಾಲೆ ಎಷ್ಟು ಜೋರು. ಪಿಸ್ತಾದ ಹಸಿರು ಎಲೆಯಲ್ಲಿರುವ ಪತ್ರಹರಿತ್ತೇ. ಮೆಂತ್ಯ ಸೊಪ್ಪನ್ನು ಹೆಚ್ಚು ಹೊತ್ತು ಬೇಯಿಸಿದರೆ, ಹುಣಸೆ ಹಿಂಡಿದರೆ ಹೇಗೆ ಬಣ್ಣ ಕಂದುತ್ತದೋ ಪಿಸ್ತಾವೂ ಹಾಗೆಯೇ ಕಂದುತ್ತದೆ. ಪರಿಮಳವೂ ಮೆದು. ಒಣಮೆಣಸಿನಕಾಯಿ, ಗುರೆಳ್ಳು, ಬೆಲ್ಲ ಇವುಗಳ ಮುಂದೆ ಅದು ನಿಲ್ಲುವುದಿಲ್ಲ. ಹಾಲು, ತುಪ್ಪ, ಸಕ್ಕರೆ, ಏಲಕ್ಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಇವುಗಳ ಜೊತೆ ಚೆನ್ನಾಗಿ ಎದ್ದು ಬರುತ್ತದೆ.

ಅಂಗಡಿಯಲ್ಲಿ ಯಾವುದನ್ನು ಕೇಳಬೇಕು

ಕಿರಾಣಿ ಅಂಗಡಿಯಲ್ಲಿ ಸುಮ್ಮನೆ ಪಿಸ್ತಾ ಅಂದರೆ ಕೈಗೆ ಬರುವುದು ಚಿಪ್ಪಿನ ಸಮೇತ ಹುರಿದು ಉಪ್ಪು ಹಾಕಿದ್ದು. ಅದು ತಿನ್ನುವುದಕ್ಕೆ ಮಾಡಿದ್ದು. ಚಿಪ್ಪು ತಾನಾಗಿ ಬಾಯಿಬಿಟ್ಟಿರುವುದು ಕಾಯಿ ಬಲಿತ ಗುರುತು, ಮರದ ಮೇಲೆಯೇ ಹಾಗೆ ಬಿರಿಯುತ್ತದೆ. ಬಾಯಿಬಿಡದ ಚಿಪ್ಪಿನೊಳಗೆ ತಿರುಳು ಹೆಚ್ಚಾಗಿ ಎಳೆಯದಾಗಿರುತ್ತದೆ. ಸಿಹಿ ಮಾಡುವವರು, "ಅಣ್ಣಾ, ಉಪ್ಪಿಲ್ಲದ್ದು, ಹುರಿಯದ ಸಾದಾ ತಿರುಳು ಕೊಡ್ರಿ" ಅಂತ ಬಿಡಿಸಿ ಕೇಳಬೇಕು. ಅದರಲ್ಲೂ ಎರಡು ಜಾತಿ. ದಪ್ಪಗೆ, ಹಳದಿ ಬೆರೆತ ತಿಳಿಹಸಿರಿನದು ಒಂದು. ಸಣ್ಣಗೆ, ಮೇಲೆ ನೇರಳೆ ಸಿಪ್ಪೆ, ಒಳಗೆ ಗಾಢ ಹಸಿರು ಇರುವುದು ಇನ್ನೊಂದು. ಈ ಎರಡನೆಯದನ್ನು ಪೇಶಾವರಿ ಅಥವಾ ಪಿಶೋರಿ ಅಂತ ಮಾರುತ್ತಾರೆ, ಬೆಲೆಯೂ ಜಾಸ್ತಿ. ಬಣ್ಣವೇ ಮುಖ್ಯವಾದ ಬರ್ಫಿ, ಕತ್ಲಿ, ಕುಲ್ಫಿಗೆ ಇದನ್ನು ತನ್ನಿ. ಕೇಕಿಗೆ, ನಾನ್‌ಖಟಾಯಿಗೆ, ಚಟ್ನಿಗೆ ದಪ್ಪನೆಯದೇ ಸಾಕು.

ಈ ವ್ಯತ್ಯಾಸಕ್ಕೆ ಕಾರಣ ತಳಿ ಮತ್ತು ಕೊಯ್ಲು. ಕಾಯಿ ಪೂರ್ತಿ ಬಲಿಯುವ ಮುಂಚೆ ಕಿತ್ತರೆ ತಿರುಳು ಸಣ್ಣ, ಹಸಿರು ಹೆಚ್ಚು. ಟರ್ಕಿಯ ಗಾಜಿಯಾಂಟೆಪ್‌ನಲ್ಲಿ ಬಕ್ಲಾವಾ ಎಂಬ ಪದರು ಪದರಿನ ಸಿಹಿ ಮಾಡುವವರು ಇಂಥ ಎಳೆಗಾಯಿಯ ಪಿಸ್ತಾವನ್ನೇ ಹುಡುಕುತ್ತಾರೆ. ಜಗತ್ತಿನ ಬಹುಪಾಲು ಪಿಸ್ತಾ ಬೆಳೆಯುವುದು ಅಮೆರಿಕ, ಇರಾನ್, ಟರ್ಕಿ ಈ ಮೂರು ದೇಶಗಳಲ್ಲಿ. ಅಮೆರಿಕದ ಮೂಲವೂ ಇರಾನೇ. ವಿಲಿಯಂ ವೈಟ್‌ಹೌಸ್ ಎಂಬ ಸಸ್ಯವಿಜ್ಞಾನಿ 1929ರಲ್ಲಿ ಇರಾನಿಗೆ ಹೋಗಿ ಆರಿಸಿ ತಂದ ಬೀಜಗಳಲ್ಲಿ ಒಂದರಿಂದ 'ಕೆರ್ಮಾನ್' ತಳಿ ಬಂತು, ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರದ ಮೊದಲ ಕೊಯ್ಲು ಆದದ್ದು 1976ರಲ್ಲಿ. ಚಿಪ್ಪಿನ ಸಮೇತ ಸಿಗುವ ದಪ್ಪ ಕಾಳು ಬಹಳ ಸಲ ಇದೇ ತಳಿಯದು. ನಮ್ಮ ಬಿಸಿಲನ್ನು ಪಿಸ್ತಾ ಮರ ತಡೆದುಕೊಂಡೀತು, ಆದರೆ ಅದಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆಗಳ ಗಡಗಡ ಚಳಿ ಬೇಕು. ರಾಯಚೂರಿನ ಡಿಸೆಂಬರ್ ಅದಕ್ಕೆ ಏನೂ ಸಾಲದು. ಹಾಗಾಗಿ ನಾವು ತಿನ್ನುವುದೆಲ್ಲ ಹೊರಗಿನದೇ.

ದುಡ್ಡಿನ ಲೆಕ್ಕ ಸುಲಭ. ಚಿಪ್ಪಿನ ಪಿಸ್ತಾದಲ್ಲಿ ತೂಕದ ಅರ್ಧದಷ್ಟು ಚಿಪ್ಪೇ ಇರುತ್ತದೆ. ಒಂದು ಕಿಲೋ ಸುಲಿದರೆ ತಿರುಳು ಸುಮಾರು ಅರ್ಧ ಕಿಲೋ. ಹಾಗಾಗಿ ಚಿಪ್ಪಿನದರ ದರವನ್ನು ಎರಡರಿಂದ ಗುಣಿಸಿ, ತಿರುಳಿನ ದರದ ಪಕ್ಕ ಇಟ್ಟು ನೋಡಿ. ತಿರುಳೇ ಅಗ್ಗವಾದರೆ ಯೋಚಿಸುವುದೇ ಬೇಡ. ಚಿಪ್ಪಿನದು ಅಗ್ಗವಾದರೂ ಅದು ಉಪ್ಪಿನದು, ಹುರಿದದ್ದು ಎಂಬುದು ನೆನಪಿರಲಿ. ತೊಳೆದರೆ ಮೇಲಿನ ಉಪ್ಪು ಹೋಗಬಹುದು, ಹುರಿದಾಗ ಹೋದ ಹಸಿರು ತಿರುಗಿ ಬರುವುದಿಲ್ಲ.

ಮೊದಲೇ ಕತ್ತರಿಸಿಟ್ಟ ಪಿಸ್ತಾ ಚೂರನ್ನು ಮಾತ್ರ ನಾನು ಕೊಳ್ಳುವುದಿಲ್ಲ, ನಿಮಗೂ ಬೇಡ ಅನ್ನುತ್ತೇನೆ. ಶೇಂಗಾಕ್ಕೆ ಹಸಿರು ಬಣ್ಣ ಹಾಕಿ, ಕತ್ತರಿಸಿ, ಪಿಸ್ತಾ ಅಂತ ಮಾರುವ ಕಲಬೆರಕೆ ನಮ್ಮ ದೇಶದಲ್ಲಿ ಇದೆ. ಅನುಮಾನ ಬಂದರೆ ನಾಲ್ಕು ಚೂರು ಬಿಸಿನೀರಿನಲ್ಲಿ ಹಾಕಿ ಕಾಲು ಗಂಟೆ ಬಿಡಿ. ಬಣ್ಣದ್ದಾದರೆ ನೀರು ಹಸಿರಾಗುತ್ತದೆ, ಚೂರು ಬಿಳಿಚುತ್ತದೆ. ನಿಜವಾದ ಪಿಸ್ತಾದ ಚೂರಿನಲ್ಲಿ ಅಲ್ಲಲ್ಲಿ ನೇರಳೆ ಸಿಪ್ಪೆ ಕಾಣುತ್ತದೆ, ಮುರಿದು ನೋಡಿದರೆ ಒಳಗೂ ಹಸಿರೇ. ಇಡೀ ತಿರುಳು ತಂದು ನೀವೇ ಹೆಚ್ಚಿಕೊಂಡರೆ ಈ ಚಿಂತೆಯೇ ಇಲ್ಲ. ಬಿಸಿನೀರಿನಲ್ಲಿ ನೆನೆದ ಪಿಸ್ತಾ ಚಾಕುವಿಗೆ ಬೆಣ್ಣೆಯಂತೆ ಸಿಗುತ್ತದೆ, ಒಣಗಿದ್ದು ಪುಡಿಯಾಗುತ್ತದೆ.

ಪಿಸ್ತಾ ಎಸೆನ್ಸಿಗೂ ಪಿಸ್ತಾಕ್ಕೂ ನಂಟು ಕಡಿಮೆ. ಅದರ ವಾಸನೆ ಬಹುತೇಕ ಬಾದಾಮಿ ಎಸೆನ್ಸಿನದೇ. ನಿಜವಾದ ಪಿಸ್ತಾ ಹಾಕಿದ ಮೇಲೆ ಅದನ್ನು ಬೆರೆಸಿದರೆ ಪಿಸ್ತಾ ಸತ್ತೇ ಹೋಯಿತು.

ಸಿಪ್ಪೆ ತೆಗೆಯಬೇಕೋ ಬೇಡವೋ

ಕೇಕಿಗೆ, ಬಿಸ್ಕತ್ತಿಗೆ, ಪಲಾವಿಗೆ ಬೇಡ. ಕತ್ಲಿಗೆ, ಕುರ್ಮಾದ ಗ್ರೇವಿಗೆ ಬೇಕೇ ಬೇಕು, ಇಲ್ಲದಿದ್ದರೆ ಬಣ್ಣ ಮಣ್ಣುಮಣ್ಣಾಗುತ್ತದೆ. ಕುದಿಯುವ ನೀರಿಗೆ ತಿರುಳು ಹಾಕಿ ಒಂದೂವರೆ ನಿಮಿಷ ಬಿಡಿ, ಬಸಿದು ತಣ್ಣೀರಿಗೆ ಹಾಕಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಉಜ್ಜಿ. ಸಿಪ್ಪೆ ಹೆಚ್ಚಿನಂಶ ಅಲ್ಲೇ ಬಿಡುತ್ತದೆ. ಕುದಿಯುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ, ಚಿಟಿಕೆ ಮೀರಿದರೆ ಸಾಬೂನಿನ ರುಚಿ ಬರುತ್ತದೆ. ಆಮೇಲೆ ಒಣಗಿಸುವುದು ಫ್ಯಾನಿನ ಕೆಳಗೆ, ನೆರಳಿನಲ್ಲಿ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ನಮ್ಮ ಕಡೆಯ ಒಣಗಾಳಿಯಲ್ಲಿ ಬೆಳಿಗ್ಗೆ ಹರಡಿದ್ದು ಸಂಜೆಗೆ ಗರಿಗರಿ.

ಸಿಹಿ: ಸಕ್ಕರೆಯ ಮನೆ, ಬೆಲ್ಲದ ಮನೆ

ನಮ್ಮ ಮೂರು ಜಿಲ್ಲೆಗಳ ಸಿಹಿಯಲ್ಲಿ ಎರಡು ದಾರಿ ಇವೆ. ಕೊಪ್ಪಳ ಸೇರಿದಂತೆ ರಾಯಚೂರು ಸೀಮೆ 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿತ್ತು. ಸುರಕುಂಬಾ, ಡಬಲ್ ಕಾ ಮೀಠಾ, ಖುಬಾನಿಯಂಥ ಹಾಲು, ತುಪ್ಪ, ಒಣಹಣ್ಣಿನ ಸಿಹಿಗಳು ಅಲ್ಲಿ ಹತ್ತಿರದ ಬಂಧುಗಳು. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆ ಇದ್ದು, ಅಲ್ಲಿನ ಊಟದಲ್ಲಿ ಆಂಧ್ರದ ನೆರೆ ಎದ್ದು ಕಾಣುತ್ತದೆ. ಇವೆರಡರ ಕೆಳಗೂ ಹಾಸಿಕೊಂಡಿರುವುದು ಹೋಳಿಗೆ, ಗೋಧಿ ಹುಗ್ಗಿ, ಮಾದಲಿ, ಶೇಂಗಾ ಉಂಡಿಯ ಬೆಲ್ಲದ ಅಡುಗೆ.

ಬೆಲ್ಲದ ಅಡುಗೆಯಲ್ಲಿ ಪಿಸ್ತಾ ಹಾಕಬೇಡಿ. ಪಿಸ್ತಾ ಹೋಳಿಗೆ ಅಂತ ಈಗ ಅಲ್ಲಲ್ಲಿ ಮಾರುತ್ತಾರೆ, ಆದರೆ ಬೆಲ್ಲದ ಹೂರಣದೊಳಗೆ ಪಿಸ್ತಾ ಬಣ್ಣವೂ ಕಾಣದು, ರುಚಿಯೂ ಸಿಗದು. ಅದೇ ಜಾಗಕ್ಕೆ ಹದವಾಗಿ ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ ಹಾಕಿ, ಬೆಲ್ಲದ ಜೊತೆ ಜೊತೆಯಾಗಿ ನಿಲ್ಲುತ್ತವೆ. ಗೋಧಿ ಹುಗ್ಗಿಗೂ ಗಸಗಸೆ, ಒಣಕೊಬ್ಬರಿಯೇ ಸರಿ. ಅಂಟಿನ ಉಂಡಿಯಲ್ಲಿ ಮಾತ್ರ ಪಿಸ್ತಾ ಇಡಿಯಾಗಿ ಹಲ್ಲಿಗೆ ಸಿಗುವುದರಿಂದ ಒಂದು ಮುಷ್ಟಿ ಹಾಕಿದರೆ ನಷ್ಟವಿಲ್ಲ.

ಸುರಕುಂಬಾದಲ್ಲಿ ಚಾರೋಳಿ, ಖರ್ಜೂರ, ಗೋಡಂಬಿ, ಪಿಸ್ತಾ ಎಲ್ಲವೂ ಸೇರುತ್ತವೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಎಲ್ಲವನ್ನೂ ಒಂದೇ ಬಾಣಲಿಯಲ್ಲಿ ಒಟ್ಟಿಗೆ ಹುರಿಯಬೇಡಿ. ಗೋಡಂಬಿ ಕೆಂಪಗಾಗಬೇಕು, ಪಿಸ್ತಾ ಕೆಂಪಗಾಗಬಾರದು. ನೆನೆಸಿ ಸೀಳಿದ ಪಿಸ್ತಾವನ್ನು ಕೊನೆಗೆ ಸಣ್ಣ ಉರಿಯಲ್ಲಿ ಅರ್ಧ ನಿಮಿಷ ತುಪ್ಪದಲ್ಲಿ ಆಡಿಸಿ, ಹಾಲು ಒಲೆಯಿಂದ ಇಳಿದ ಮೇಲೆ ಹಾಕಿ.

ಬೆಂಕಿಯೇ ಬೇಡದ ಶ್ರೀಖಂಡ, ತಣ್ಣಗಾದ ಬಾಸುಂದಿ, ಕುಲ್ಫಿ ಇವು ಪಿಸ್ತಾಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಸ್ವಲ್ಪವೇ ಪಿಸ್ತಾ ಇದ್ದರೆ ಅದನ್ನು ಇಲ್ಲಿಗೇ ಇಡಿ. ಅರ್ಧ ಲೀಟರ್ ಬಾಸುಂದಿಗೆ ಇಪ್ಪತ್ತು ಗ್ರಾಂ ಸಾಕು: ಅರ್ಧ ತರಿತರಿ ಪುಡಿ ಮಾಡಿ ಒಳಗೆ, ಅರ್ಧ ಸೀಳಿ ಮೇಲೆ.

ಈಗ ಕತ್ಲಿಯ ವಿಷಯ. ಪೂರ್ತಿ ಪಿಸ್ತಾದ ಕತ್ಲಿ, ಗೋಡಂಬಿ ಬೆರೆಸಿದ್ದು, ಖೋವಾ ಬೆರೆಸಿದ್ದು ಎಂದು ಮೂರು ಬಗೆ. ಪೂರ್ತಿ ಪಿಸ್ತಾದ್ದು ರುಚಿಯಲ್ಲಿ ರಾಜ, ಆದರೆ ಮಾಡುವುದು ಕಷ್ಟ. ಗೋಡಂಬಿಯಲ್ಲಿರುವಷ್ಟು ಪಿಷ್ಟ ಪಿಸ್ತಾದಲ್ಲಿಲ್ಲ, ಹಿಟ್ಟು ಸುಲಭವಾಗಿ ಕೂಡುವುದಿಲ್ಲ, ಸ್ವಲ್ಪ ಹೆಚ್ಚು ನಾದಿದರೂ ಎಣ್ಣೆ ಬಿಡುತ್ತದೆ. ಖೋವಾ ಹಾಕಿದರೆ ಅಗ್ಗ, ಮೆತ್ತಗೆ, ಆದರೆ ನಮ್ಮ ಸೆಖೆಗೆ ಎರಡನೆಯ ದಿನವೇ ಹುಳಿ ವಾಸನೆ ಬರುವ ಭಯ. ಮೊದಲ ಸಲ ಮಾಡುವವರಿಗೆ ಅರ್ಧ ಪಿಸ್ತಾ ಅರ್ಧ ಗೋಡಂಬಿಯದೇ ಸರಿ. ಸಿಪ್ಪೆ ತೆಗೆದು ಒಣಗಿಸಿದ ಪಿಸ್ತಾ 100 ಗ್ರಾಂ, ಗೋಡಂಬಿ 100 ಗ್ರಾಂ. ಎರಡನ್ನೂ ಬೇರೆಬೇರೆಯಾಗಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದೇ ಸಮನೆ ತಿರುಗಿಸಿದರೆ ಬಿಸಿಯಾಗಿ ಮುದ್ದೆಯಾಗುತ್ತದೆ. ಸಕ್ಕರೆ 110 ಗ್ರಾಂ, ನೀರು 55 ಮಿಲಿಲೀಟರ್, ಒಂದೆಳೆ ಪಾಕ. ಪುಡಿ ಸುರಿದು ಸಣ್ಣ ಉರಿಯಲ್ಲಿ ಬಾಣಲಿ ಬಿಡುವವರೆಗೆ ತಿರುವಿ, ಅರ್ಧ ಚಮಚ ತುಪ್ಪ ಹಾಕಿ ಇಳಿಸಿ. ಬೆಚ್ಚಗಿರುವಾಗಲೇ ತುಪ್ಪ ಸವರಿದ ಎರಡು ಹಾಳೆಗಳ ನಡುವೆ ಲಟ್ಟಿಸಿ. ಮಿಶ್ರಣ ಉದುರುದುರಾದರೆ ಬಿಸಿ ಹಾಲು ಒಂದೊಂದೇ ಚಮಚ ಚಿಮುಕಿಸಿ, ಕೂಡಿಕೊಳ್ಳುತ್ತದೆ.

ಪಿಸ್ತಾ ತುಂಬಿದ ದುಬೈ ಚಾಕೊಲೇಟಿನ ಹಂಬಲ ಮಕ್ಕಳಿಗೆ ಹತ್ತಿರುವುದರಿಂದ ಅದಕ್ಕೂ ಒಂದು ಮಾತು. ಬಾಟಲಿಯಲ್ಲಿ ಬರುವ ಪಿಸ್ತಾ ಕ್ರೀಮ್ ಕೊಳ್ಳುವ ಮುಂಚೆ ಲೇಬಲ್ ಓದಿ. ಸಕ್ಕರೆ, ಎಣ್ಣೆಯ ಹೆಸರು ಮೊದಲು ಬಂದು ಪಿಸ್ತಾ ಆಮೇಲೆ ಬಂದರೆ ನೀವು ಕೊಳ್ಳುತ್ತಿರುವುದು ಸಕ್ಕರೆಯನ್ನೇ. ಮನೆಯಲ್ಲಿ 150 ಗ್ರಾಂ ತಿರುಳನ್ನು ಬೆಚ್ಚಗೆ ಮಾಡಿ, ಎರಡು ಚಮಚ ವಾಸನೆಯಿಲ್ಲದ ಎಣ್ಣೆ, ಸಕ್ಕರೆ ಪುಡಿ ಹಾಕಿ ರುಬ್ಬಿದರೆ ಅದಕ್ಕಿಂತ ಚೆನ್ನ. ಒಳಗಿನ ಕುನಾಫಾ ಎಂಬ ಹಿಟ್ಟಿನ ಸಣ್ಣ ಎಳೆಯ ಬದಲು ನಮ್ಮ ಸಣ್ಣ ಶಾವಿಗೆಯನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದು ಪುಡಿಮಾಡಿ ಬೆರೆಸಿ. ಗರಿಗರಿಗೆ ಏನೂ ಕೊರತೆಯಾಗುವುದಿಲ್ಲ.

ಬೇಕಿಂಗ್: ಓವನ್, ಕುಕ್ಕರ್, ಊರಿನ ಬೇಕರಿ

ಕುಕ್ಕರಿನಲ್ಲಿ ಮೇಲಿನಿಂದ ಶಾಖ ಬಾರದು, ತಳದ್ದೇ ಶಾಖ. ಬಿಸ್ಕತ್ತಿಗೆ ಇದು ಆಗುವುದಿಲ್ಲ, ತಳ ಸೀದು ಮೇಲೆ ಹಸಿಯಾಗಿರುತ್ತದೆ. ಕೇಕಿಗೆ ಇದೇ ಒಂದು ಅನುಕೂಲ, ಮೇಲೆ ಉದುರಿಸಿದ ಪಿಸ್ತಾ ಕಂದದೆ ಹಸಿರಾಗಿ ಉಳಿಯುತ್ತದೆ. ಹಾಗಾಗಿ ಕುಕ್ಕರಷ್ಟೇ ಇರುವವರು ಕೇಕ್ ಮಾಡಿ, ಓವನ್ ಇರುವವರು ನಾನ್‌ಖಟಾಯಿ ಮಾಡಿ. ಹೆಚ್ಚು ಪ್ರಮಾಣ ಬೇಕಾದರೆ ಪರಿಚಯದ ಬೇಕರಿಯಲ್ಲಿ ಕೇಳಿ, ಕೆಲವರು ತಟ್ಟೆ ಒಯ್ದರೆ ಬೇಯಿಸಿಕೊಡುತ್ತಾರೆ. ಬ್ರೆಡ್ಡಿನ ಕೆಲಸ ಮುಗಿದು ಭಟ್ಟಿಯ ಶಾಖ ಇಳಿದ ಹೊತ್ತಿಗೆ ಇಡಲು ಹೇಳಿ.

ಕೇಕಿಗೆ: ಬೆಣ್ಣೆ 100 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಮೊಟ್ಟೆ ಎರಡು, ಮೈದಾ 75 ಗ್ರಾಂ, ಪಿಸ್ತಾ ಪುಡಿ 75 ಗ್ರಾಂ, ಬೇಕಿಂಗ್ ಪೌಡರ್ ಮುಕ್ಕಾಲು ಚಮಚ, ಹಾಲು ಎರಡು ದೊಡ್ಡ ಚಮಚ, ಏಲಕ್ಕಿ. ಪಿಸ್ತಾವನ್ನು ಮೈದಾದ ಜೊತೆಯೇ ಮಿಕ್ಸಿಗೆ ಹಾಕಿ, ಬಿಟ್ಟ ಎಣ್ಣೆಯನ್ನು ಮೈದಾ ಹೀರಿಕೊಂಡು ಪುಡಿ ಬಿಡಿಬಿಡಿಯಾಗಿರುತ್ತದೆ. ಓವನಿನಲ್ಲಿ 165 ಡಿಗ್ರಿ, ಮೂವತ್ತೈದು ನಿಮಿಷದ ಸುಮಾರು. ಕುಕ್ಕರಾದರೆ ಗ್ಯಾಸ್ಕೆಟ್, ಸೀಟಿ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ ಆಮೇಲೆ ಪಾತ್ರೆ ಇಡಿ. ನಲವತ್ತು ನಿಮಿಷ ದಾಟಬಹುದು, ಕಡ್ಡಿ ಚುಚ್ಚಿ ನೋಡಿ. ಮೊಟ್ಟೆ ತಿನ್ನದವರು ಮೊಸರು ಹಾಕುತ್ತಾರೆ, ಕೇಕ್ ಮೆತ್ತಗೆ ಬರುತ್ತದೆ ನಿಜ, ಆದರೆ ಮೊಸರಿನ ಹುಳಿಗೆ ಪಿಸ್ತಾದ ಹಸಿರು ಮಂಕಾಗುತ್ತದೆ. ರುಚಿಗೆ ಅದರಿಂದ ಏನೂ ಆಗದು.

ನಾನ್‌ಖಟಾಯಿಗೆ ಮೈದಾ 100, ಕಡಲೆಹಿಟ್ಟು 30, ಸಣ್ಣ ರವೆ 20, ಸಕ್ಕರೆ ಪುಡಿ 75, ಗಟ್ಟಿ ತುಪ್ಪ 90, ತರಿತರಿ ಪಿಸ್ತಾ 40 ಗ್ರಾಂ, ಚಿಟಿಕೆ ಸೋಡಾ. 160 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ಮೇಲೆ ಒತ್ತುವ ಪಿಸ್ತಾ ಚೂರನ್ನು ಹಿಟ್ಟಿನೊಳಗೆ ಅರ್ಧ ಮುಳುಗುವಂತೆ ಒತ್ತಿ. ಮೇಲೆಯೇ ನಿಂತದ್ದು ಸೀಯುತ್ತದೆ. ಇಲ್ಲಿ ಚಿಪ್ಪು ಸುಲಿದ ಉಪ್ಪಿನ ಪಿಸ್ತಾ ಹಾಕಿದರೂ ತಪ್ಪೇನಿಲ್ಲ, ತುಪ್ಪದ ಸಿಹಿಯ ನಡುವೆ ಆ ಉಪ್ಪು ಬಹಳ ರುಚಿ.

ಖಾರ: ರೊಟ್ಟಿಯ ಪಕ್ಕ ಯಾವುದು

ಒಗ್ಗರಣೆ ಮಂಡಕ್ಕಿ, ಚೂಡಾ, ಬದನೆಕಾಯಿ ಎಣಗಾಯಿ, ಹಿಂಡಿ ಅನ್ನುವ ಚಟ್ನಿಪುಡಿ, ಇವೆಲ್ಲ ಶೇಂಗಾದ ರಾಜ್ಯ. ಎಣಗಾಯಿಯ ಮಸಾಲೆಗೆ ಪಿಸ್ತಾ ರುಬ್ಬಿ ಹಾಕುವುದು ದಂಡ, ಗುರೆಳ್ಳು, ಒಣಕೊಬ್ಬರಿ, ಹುಣಸೆಯ ಮುಂದೆ ಅದು ಕೇಳಿಸುವುದೇ ಇಲ್ಲ. ಪೌಷ್ಟಿಕತೆಯ ಲೆಕ್ಕದಲ್ಲೂ ಶೇಂಗಾ ಹಿಂದೆ ಬಿದ್ದಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಪಿಸ್ತಾದಲ್ಲಿ ಸುಮಾರು 20. ಪೊಟ್ಯಾಸಿಯಂ ಪಿಸ್ತಾದಲ್ಲಿ ಹೆಚ್ಚು.

ಪಿಸ್ತಾ ಗೆಲ್ಲುವುದು ಹಸಿರು ಖಾರದಲ್ಲಿ. ಉಪ್ಪಿನ ಪಿಸ್ತಾ ತಿರುಳು 60 ಗ್ರಾಂ, ಒಂದು ಕಟ್ಟು ಕೊತ್ತಂಬರಿ, ಮೂರು ನಾಲ್ಕು ಹಸಿಮೆಣಸಿನಕಾಯಿ, ಎರಡೆಸಳು ಬೆಳ್ಳುಳ್ಳಿ, ಸ್ವಲ್ಪವೇ ತಣ್ಣೀರು. ತರಿತರಿಯಾಗಿ ರುಬ್ಬಿ, ಉಪ್ಪನ್ನು ರುಚಿ ನೋಡಿಯೇ ಹಾಕಿ. ನಿಂಬೆರಸ ಬಡಿಸುವ ಮುಂಚೆ ಹಿಂಡಿ, ಮೊದಲೇ ಹಿಂಡಿದರೆ ಬಣ್ಣ ಕಂದುತ್ತದೆ. ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಈ ಚಟ್ನಿ ಒಮ್ಮೆ ತಿಂದು ನೋಡಿ. ಜೋಳದ ಮಣ್ಣಿನ ರುಚಿಗೂ ಪಿಸ್ತಾದ ಬೆಣ್ಣೆಯಂಥ ಮೆದುವಿಗೂ ಇಷ್ಟು ಹೊಂದಾಣಿಕೆ ಇದೆಯೆಂದು ತಿಂದವರಿಗೇ ಗೊತ್ತು.

ಕುರ್ಮಾಕ್ಕೆ ಗೋಡಂಬಿಯೋ ಪಿಸ್ತಾವೋ? ಕೆಂಪು ಗ್ರೇವಿಯಾದರೆ ಗೋಡಂಬಿ. ಬಿಳಿ ಅಥವಾ ಹಸಿರು ಗ್ರೇವಿಯಾದರೆ ಎರಡು ಪಾಲು ಗೋಡಂಬಿಗೆ ಒಂದು ಪಾಲು ಪಿಸ್ತಾ. ಈರುಳ್ಳಿಯನ್ನು ಹುರಿಯದೆ ಬೇಯಿಸಿ ರುಬ್ಬಿ, ಅರಿಸಿನ, ಖಾರದಪುಡಿ ಹಾಕಬೇಡಿ. ಪಿಸ್ತಾ ಅರೆದದ್ದನ್ನು ಕೋಳಿ ಅಥವಾ ಪನೀರ್ ಬೆಂದ ಮೇಲೆ ಹಾಕಿ, ಮುಚ್ಚಳ ತೆಗೆದೇ ಐದಾರು ನಿಮಿಷ ಕುದಿಸಿ. ಮುಚ್ಚಿದರೆ ಆವಿಯ ಜೊತೆ ಹೋಗಬೇಕಾದ ಹುಳಿ ಒಳಗೇ ಉಳಿದು ಬಣ್ಣ ಕೆಡುತ್ತದೆ. ಮೊಸರಿನ ಬದಲು ಕೆನೆ.

ಗಂಗಾವತಿಯ ಸೋನಾ ಮಸೂರಿಯಲ್ಲಿ ಪಲಾವ್ ಮಾಡಿದರೂ, ಬಾಸುಮತಿಯ ಬಿರಿಯಾನಿಯಾದರೂ, ಪಿಸ್ತಾ ದಮ್ಮಿನೊಳಗೆ ಬೇಡ. ಆವಿಗೆ ಮೆತ್ತಗಾಗಿ ಸಪ್ಪೆಯಾಗುತ್ತದೆ. ತುಪ್ಪದಲ್ಲಿ ಆಡಿಸಿಟ್ಟುಕೊಂಡು ಬಡಿಸುವಾಗ ಹಾಕಿ.

ಇಡುವ ಬಗೆ, ತಿನ್ನಬಾರದವರು

ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಪಿಸ್ತಾ ಅಡುಗೆಮನೆಯ ಗೂಡಿನಲ್ಲಿ ಉಳಿಯುವುದಿಲ್ಲ. ಅದರ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆಯೇ, ಶಾಖಕ್ಕೂ ಗಾಳಿಗೂ ಕಮಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ಹೆಚ್ಚು ತಿಂಗಳಿಗಾದರೆ ಫ್ರೀಜರಿನಲ್ಲಿ. ತೆಗೆದ ಡಬ್ಬಿ ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಬೆವರು ಹಿಡಿದು ಮೆತ್ತಗಾಗುತ್ತದೆ. ಬೂಷ್ಟು ಬಂದದ್ದು, ಕಪ್ಪಾದದ್ದು, ಕಹಿ ತಾಗಿದ್ದು ಎಷ್ಟೇ ದುಬಾರಿಯಾದರೂ ಚೆಲ್ಲಿಬಿಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಶೇಂಗಾಕ್ಕೂ ಇದೇ ಮಾತು.

ಪಿಸ್ತಾ, ಗೋಡಂಬಿ ಒಂದೇ ಕುಟುಂಬದ ಮರಗಳು, ಮಾವೂ ಅದೇ ಕುಟುಂಬ. ಗೋಡಂಬಿ ತಿಂದರೆ ಮೈ ದದ್ದು ಏಳುವವರಿಗೆ, ಉಸಿರು ಕಟ್ಟುವವರಿಗೆ ಪಿಸ್ತಾವೂ ಅಷ್ಟೇ ಅಪಾಯ ಮಾಡಬಹುದು. ಶೇಂಗಾ ದ್ವಿದಳಧಾನ್ಯ, ಅದರ ಅಲರ್ಜಿಯೇ ಬೇರೆ, ಆದರೂ ಕೆಲವರಿಗೆ ಎರಡೂ ಇರುತ್ತವೆ. ಮದುವೆ, ಸೀಮಂತದ ಊಟಕ್ಕೆ ಪಿಸ್ತಾ ಪುಡಿ ಬೆರೆಸಿದ ಸಿಹಿ ಇಟ್ಟಿದ್ದರೆ ಬಡಿಸುವವರಿಗೆ ಮೊದಲೇ ಹೇಳಿಡಿ. ಪುಡಿಯಾದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಕೇಳಿದವರಿಗೆ ಹೇಳಲು ಯಾರಿಗಾದರೂ ಗೊತ್ತಿರಬೇಕು.